ಬಸವಕ್ಕ ಹಾಡಿದ ಸುಳ್ಳು

ಅಳೋಕೂ ಒಬ್ಬಳಿಗೆ ಹೇಳಿ ಕಳಿಸ್ತೀರಾ ಅಂತ ಪೇಟೆ ಕಡೆಯೋರು ನನ್ನ ಕೇಳಿ ನಕ್ಕಿದ್ದಾರೆ. ನಗ್ಲಿ. ಅವರ ಕಡೆ ಸತ್ತೋರ ಮನೆ ಮುಂದೆ ಬಾಕ್ಸ್ ಇಟ್ಟು ಮೊಬೈಲಿಂದ ಭಜನೆ ಕೂಗಿಸ್ತಾರಲ್ಲ, ಅದಕ್ಕೆ ನಾವೇನು ನಗ್ತೀವಾ? ನಮ್ಮ ರಾವಂದೂರು ಸುತ್ತಿನ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಹೆಣದ ಮುಂದೆ ಕೂತು ಸುಮ್ಮನೆ ಗೋಳಾಡಲ್ಲ, ಹೇಳ್ಕೊಂಡು ಅಳ್ತಾರೆ. ಸತ್ತೋರು ಹೆಂಗೆ ಬದುಕಿದ್ರು, ಏನು ಉಂಡ್ರು, ಯಾರ ಬಾಯಲ್ಲಿ ಏನು ಅನ್ನಿಸ್ಕೊಂಡ್ರು, ಅದನ್ನೆಲ್ಲ ರಾಗವಾಗಿ ಪದ ಕಟ್ಟಿ ಹೇಳೋದು. ಈಗ ಅದು ಬರೋರು ಕಮ್ಮಿ. ಟೀವಿ ಧಾರಾವಾಹಿಯಲ್ಲಿ ಅತ್ತಂಗೆ ಸೆರಗು ಬಾಯಿಗಿಟ್ಕೊಂಡು ಬಿಕ್ಕೋದೇ ಎಲ್ಲಾ ಕಡೆ ಆಗಿದೆ.

ಈ ಹೇಳ್ಕೊಂಡು ಅಳೋದ್ರಲ್ಲಿ ಬಸವಮ್ಮನ್ನ ಮೀರಿಸೋರು ಇರ್ಲಿಲ್ಲ. ನಾನು ಅವಳನ್ನ ಬಸವಕ್ಕ ಅಂತೀನಿ, ಗೋಡೆಗೆ ಗೋಡೆ ಮನೆ ನಮ್ಮದು. ನನ್ನ ಹೆಸರು ಸುನಂದಮ್ಮ, ಊರ ಅಂಗನವಾಡಿ ಟೀಚರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಅವಳ ಜೊತೆ ಹೋಗಿ ಸೊಲ್ಲು ಕೊಟ್ಟಿದ್ದೀನಿ. ಮುಂದೆ ಅವಳು ಒಂದು ಪದ ಹಾಡಿದ್ರೆ ಅದರ ಕೊನೇ ಸಾಲನ್ನ ಹಿಂದಿನಿಂದ ಎತ್ತಿ ಹಾಡೋದೇ ಸೊಲ್ಲು. ಅದೇನು ದೊಡ್ಡ ವಿದ್ಯೆ ಅಲ್ಲ. ಆದ್ರೆ ಸೊಲ್ಲು ಕೊಟ್ಟೋಳು ಆಮೇಲೆ ನಾನೇನೂ ಹಾಡ್ಲಿಲ್ಲ ಅಂತ ನುಣುಚಿಕೊಳ್ಳೋಕೆ ಆಗಲ್ಲ. ಈ ಮಾತನ್ನ ನನಗೆ ನಾನೇ ಹೇಳ್ಕೊಳ್ತಿರೋದು ಅಂತ ಇಟ್ಕೊಳ್ಳಿ.

ಬಸವಕ್ಕ ಸ್ಕೂಲಿನ ಮೆಟ್ಟಿಲು ಹತ್ತಿದೋಳಲ್ಲ. ಹೆಬ್ಬೆಟ್ಟು. ಗಂಡ ಸಣ್ಣಯ್ಯ ಒಬ್ಬಳೇ ಮಗಳು ಸೌಂದರ್ಯಂಗೆ ಒಂಬತ್ತು ವರ್ಷ ಇದ್ದಾಗ ಹಾವು ಕಚ್ಚಿ ಹೋದ. ಎರಡೆಕರೆ ಬೆದ್ದಲು ಉಳೀತು, ಒಂದರಲ್ಲಿ ಹೊಗೆಸೊಪ್ಪು, ಒಂದರಲ್ಲಿ ರಾಗಿ. ಪದ ಕಟ್ಟೋದು ಕಲ್ತಿದ್ದು ಹೊಗೆಸೊಪ್ಪಿನ ಕಾಲದಲ್ಲಿ. ಹತ್ತು ಹದಿನೈದು ಹೆಂಗಸರು ಸೊಪ್ಪು ಬೇಯಿಸೋ ಬ್ಯಾರನ್ ಮುಂದಿನ ಚಪ್ಪರದ ಕೆಳಗೆ ಕೂತು ಹಸಿ ಎಲೆನ ಕಡ್ಡಿಗೆ ಕಟ್ಟುವಾಗ ಇವಳು ಒಬ್ಬೊಬ್ಬರ ಮೇಲೂ ಪದ ಹಾಕೋಳು. ಎಲೆಯ ಅಂಟು ಕೈಗೆಲ್ಲ ಮೆತ್ತಿ ಕರ್‍ರಗಾಗಿರೋದು, ತಲೆ ತಿರುಗೋದು, ಆದ್ರೂ ನಕ್ಕೂ ನಕ್ಕೂ ಸಾಯ್ತಿದ್ವಿ. ಕೂಲಿ ಕಡಿಮೆ ಕೊಡೋ ಯಜಮಾನನ ಮೇಲೆ ಹಾಕಿದ ಪದ ಅವನ ಹೆಂಡ್ತಿಗೇ ಬಾಯಿಪಾಠ ಆಗಿತ್ತು.

ಸಾವಿನ ಮನೆಗೆ ಹೋದ್ರೆ ಮಾತ್ರ ಅವಳು ಬೇರೆ ಮನುಷ್ಯಳು. ನೇರ ಹೆಣದ ಹತ್ರ ಹೋಗ್ತಿರ್ಲಿಲ್ಲ. ಮನೆ ಬಳಸಿ ಹಿತ್ತಲಿಗೆ ಹೋಗಿ ಅಲ್ಲಿ ಪಾತ್ರೆ ಬೆಳಗ್ತಾ ಇರೋಳ ಹತ್ರ ಕುಕ್ಕರುಗಾಲಲ್ಲಿ ಕೂತು ನಾಲ್ಕು ಮಾತು ಕೇಳೋಳು. ಮುಂಬಾಗಿಲಲ್ಲಿ ಕೂತೋರು ಸತ್ತೋರ ವಿಷಯ ಹೇಳಲ್ಲ, ಹಿತ್ತಲೋರು ಹೇಳ್ತಾರೆ ಅನ್ನೋಳು. ಆಮೇಲೆ ಬಂದು ಹೆಣದ ತಲೆದೆಸೆಯಲ್ಲಿ ಕೂತು ಶುರು ಮಾಡೋಳು. ನಮ್ಮಲ್ಲಿ ಒಂದು ಕಟ್ಟುಪಾಡಿದೆ. ಹೆಣದ ಮುಂದೆ ಹೇಳ್ಕೊಂಡು ಅಳೋಳನ್ನ ರಟ್ಟೆ ಹಿಡಿದು ಎಬ್ಬಿಸಬಾರದು, ಬಾಯಿ ಮುಚ್ಚಿಸಬಾರದು, ತಾನಾಗೇ ಏಳಬೇಕು. ಎಬ್ಬಿಸಿದ ಮನೇಲಿ ಇನ್ನೊಂದು ಹೆಣ ಬೀಳುತ್ತೆ ಅಂತ ಭಯ. ಬದುಕಿದ್ದಾಗ ನಮ್ಮ ಹೆಂಗಸರ ಮಾತನ್ನ ಅರ್ಧಕ್ಕೇ ತಡೆಯೋ ಗಂಡಸರು ಅಲ್ಲೊಂದು ಕಡೆ ಮಾತ್ರ ಪೂರ್ತಿ ಕೇಳಿಸ್ಕೊಳ್ಳಲೇಬೇಕು.

ಅದನ್ನ ಬಸವಕ್ಕ ಹೆಂಗೆ ಉಪಯೋಗಿಸ್ಕೊಂಡ್ಲು ಅಂತೀರಿ. ಪಕ್ಕದೂರ ಶಿವನಂಜಪ್ಪನ ಹೆಂಡ್ತಿ ಸತ್ತಾಗ ಜ್ವರ ಅಂದ್ರು. ಹಿತ್ತಲೋಳು ಬೇರೆ ಹೇಳಿದ್ಲು. ಅವತ್ತು ಬಸವಕ್ಕ ಆ ಹೆಂಗಸಿನ ಮೈಮೇಲಿನ ಒಂದೊಂದು ಬರೆಗೂ ಒಂದೊಂದು ಪದ ಹಾಡಿದ್ಲು, ಯಾವುದು ಯಾವ ಹಬ್ಬದ ದಿನದ್ದು ಅಂತ. ಊರೆಲ್ಲ ನಿಂತು ಕೇಳ್ತು. ಆಮೇಲೆ ಪಂಚಾಯ್ತಿ ಸೇರಿ ಅವನ ಹೆಣ್ಣುಮಕ್ಕಳನ್ನ ಸೋದರಮಾವನ ಮನೆಗೆ ಕಳಿಸಿದ್ರು, ಆ ಶಿವನಂಜಪ್ಪ ಒಂದು ವರ್ಷ ಟೀ ಅಂಗಡಿ ಕಡೆ ತಲೆ ಹಾಕ್ಲಿಲ್ಲ. ಅಲ್ಲಿಂದ ಆಚೆಗೆ ಗಂಡನ ಕೈ ಮೇಲೆ ಬಂದ್ರೆ ಹೆಂಗಸರು "ಒಡಿ, ನಾಳೆ ಬಸವಮ್ಮ ಬತ್ತಾಳೆ" ಅನ್ನೋದು ಕಲ್ತರು. ತಮಾಷೆಗೆ ಅಂತಿದ್ರೋ ನಿಜಕ್ಕೆ ಅಂತಿದ್ರೋ, ಎತ್ತಿದ ಕೈ ಕೆಳಗಿಳಿದಿದ್ದನ್ನ ನಾನು ನೋಡಿದ್ದೀನಿ.

ಒಂದ್ಸಲ ಮೈಸೂರಿಂದ ಓದಿದೋರು ಬಂದಿದ್ರು, ಹಾಡು ರೆಕಾರ್ಡ್ ಮಾಡ್ಕೊಳ್ಳೋಕೆ. ಸೋಬಾನೆ ಹಾಡಿದ್ಲು, ಬೀಸೋ ಪದ ಹಾಡಿದ್ಲು. ಸಾವಿನ ಪದವೂ ಒಂದೆರಡು ಹಾಡಿ ಅಂದ್ರು. ಬಸವಕ್ಕ ಅವರ ಮುಖ ನೋಡಿ ಹೆಣ ಎಲ್ಲಿ ಅಂದ್ಲು. ಸುಮ್ಮನೆ ಹಾಡಿ ಅಂದ್ರೆ ಅವಳಿಗೆ ಸಿಟ್ಟೇ ಬಂತು. ಹೆಣ ಇಲ್ದೆ ಅತ್ರೆ ಅದು ಸುಳ್ಳು, ಸುಳ್ಳು ನನ್ನ ಬಾಯಲ್ಲಿ ಬರಲ್ಲ ಅಂದು ಎದ್ದು ದನಕ್ಕೆ ನೀರು ಕುಡಿಸೋಕೆ ಹೋದ್ಲು. ಅಮ್ಮನ ಈ ಗತ್ತನ್ನ ಸೌಂದರ್ಯ ಊರೆಲ್ಲ ಹೇಳ್ಕೊಂಡು ತಿರುಗ್ತಿದ್ಲು.

ಸೌಂದರ್ಯ ನನ್ನ ಕೈಲಿ ಅಕ್ಷರ ಕಲಿತ ಹುಡುಗಿ. ಪಿಯುಸಿ ಮುಗಿಯೋ ಹೊತ್ತಿಗೆ ಮಿರ್ಲೆ ಆಚೆಯ ಒಂದು ಹಳ್ಳಿಗೆ ಕೊಟ್ಟರು. ನಾಲೆ ನೀರಿನ ಗದ್ದೆ, ತೆಂಗು, ಟ್ರ್ಯಾಕ್ಟರು. ನಮ್ಮ ಬೆದ್ದಲು ಸೀಮೆಯೋರಿಗೆ ನಾಲೆ ನೀರು ಅಂದ್ರೆ ಕಣ್ಣು ಅರಳುತ್ತೆ. ಗಂಡ ಶಶಿಕುಮಾರ್ ಬಾಯಿ ಸತ್ತೋನು, ಅವರಮ್ಮ ಜವರಮ್ಮ ಹಾಕಿದ ಗೆರೆ ದಾಟ್ತಿರ್ಲಿಲ್ಲ. ಮೊದಲನೇದು ಹೆಣ್ಣು ಆಯ್ತು, ಹರ್ಷಿತಾ. ಎರಡನೇದನ್ನೂ ಮೂರನೇದನ್ನೂ ಎಲ್ಲೋ ಸ್ಕ್ಯಾನಿಂಗ್ ಮಾಡ್ಸಿ ತೆಗೆಸಿದ್ರು. ನಾಲ್ಕನೇ ಸಲ ಬಸಿರಾದಾಗ ಸೌಂದರ್ಯ ಸ್ಕ್ಯಾನಿಂಗಿಗೆ ಬರಲ್ಲ ಅಂದಳಂತೆ. ಇದು ನಮಗೆ ಫೋನಲ್ಲಿ ತುಂಡು ತುಂಡಾಗಿ ಗೊತ್ತಾಗಿದ್ದು. ಕರ್ಕೊಂಡು ಬರ್ತೀನಿ ಅಂತ ಬಸವಕ್ಕ ಹೊರಟಿದ್ದಳು, ಸೊಪ್ಪು ಕಟ್ಟೋ ಕೆಲಸ ಮುಗೀಲಿ, ಸೋಮವಾರ ಹೋಗೋಣ ಅಂದೋಳು ನಾನು.

ಶನಿವಾರ ಬೆಳಿಗ್ಗೆ ಫೋನು ಬಂತು. ಬಟ್ಟೆ ಒಗೆಯೋಕೆ ಹೋಗಿ ನಾಲೆಗೆ ಜಾರಿ ಬಿದ್ದಳು, ಹೋಗ್ಬಿಟ್ಟಳು ಅಂತ. ಇದಾಗಿ ಈಗ ಹನ್ನೊಂದು ವರ್ಷ.

ತವರಿನೋರು ಬಂದು ಮುಖ ನೋಡಿ, ತವರಿನ ಸೀರೆ ಹೊದಿಸೋ ತನಕ ಹೆಣ ಎತ್ತಂಗಿಲ್ಲ. ಅದಕ್ಕೇ ನಮಗೆ ಕಾಯ್ತಿದ್ರು. ಹೆಣಕ್ಕೆ ನೀರು ಹಾಕೋಕೆ ನಾನು, ಬಸವಕ್ಕ, ಆ ಬೀದಿಯ ಇಬ್ಬರು ಹೆಂಗಸರು. ಕೂದಲು ಎತ್ತಿ ಕತ್ತಿನ ಹಿಂದಕ್ಕೆ ನೀರು ಹುಯ್ಯುವಾಗ ನಾನು ನೋಡಿದೆ. ನಾಲ್ಕು ಬೆರಳ ಗುರುತು, ನೀಲಿ ಕಟ್ಟಿದ್ದು. ಬಸವಕ್ಕನೂ ನೋಡಿದ್ಲು. ಆಮೇಲೆ ಅಂಗಾಲು ಉಜ್ಜಿದ್ಲು. ನಾಲೆ ಏರಿಯ ಕೆಸರು ಕಾಲಲ್ಲಿ ಒಂದು ಚೂರಿರ್ಲಿಲ್ಲ. ಆ ಬೀದಿಯ ಹೆಂಗಸರು ಬೇರೆ ಕಡೆ ಮುಖ ತಿರುಗಿಸ್ಕೊಂಡು ನೀರು ಕೊಡ್ತಿದ್ರು. ಬಸವಕ್ಕ ಕೂದಲನ್ನ ಮತ್ತೆ ಕತ್ತಿನ ಮೇಲೆ ಇಳಿಬಿಟ್ಟು ತವರಿನ ಸೀರೆ ಉಡಿಸಿದ್ಲು.

ಹೊರಗೆ ಬಂದಾಗ ಜವರಮ್ಮನ ತಮ್ಮ ನಂಜಣ್ಣ ಕೊಟ್ಟಿಗೆ ಹತ್ರ ನಿಂತಿದ್ದ. ಆ ಮನೆಗೆ ಅವನೇ ಹಿರಿಯ, ನಾಲ್ಕು ಜನದ ಮುಂದೆ ಮಾತಾಡೋನು. ತುಂಬಾ ಮೆತ್ತಗೆ ಮಾತಾಡಿದ. ಪೊಲೀಸು ಗಿಲೀಸು ಅಂದ್ರೆ ಹುಡುಗಿ ಮೈನ ಆಸ್ಪತ್ರೇಲಿ ಕುಯ್ತಾರೆ, ಅದೆಲ್ಲ ನಮಗ್ಯಾಕೆ ಅಂದ. ಮಗು ಆರು ವರ್ಷದ್ದು, ತಾಯಿಲ್ಲದ್ದು, ರಜಕ್ಕೆ ನಿಮ್ಮನೆಗೆ ಕಳಿಸೋದಾ ಬೇಡವಾ ಅನ್ನೋದು ನಿಮ್ಮ ಬಾಯಲ್ಲಿದೆ ಅಂದ. ಬಸವಕ್ಕ ಬಾಗಿಲ ಕಡೆ ನೋಡಿದ್ಲು. ಹರ್ಷಿತಾ ಬಾಗಿಲ ಕಂಬ ತಬ್ಕೊಂಡು ನಿಂತಿತ್ತು, ಊರಜ್ಜಿ ಬಂದ್ಲು ಅಂತ ಓಡಿ ಬರೋಕೆ ಹೋದ್ರೆ ಜವರಮ್ಮ ಭುಜ ಹಿಡ್ಕೊಂಡಿದ್ಲು. ಆ ಮಗು ಬಸವಕ್ಕನ್ನ ಊರಜ್ಜಿ ಅಂತಲೇ ಕರೀತಿದ್ದಿದ್ದು.

ಬಸವಕ್ಕ ಅವತ್ತು ಹಿತ್ತಲಿಗೆ ಹೋಗ್ಲಿಲ್ಲ. ಕೇಳೋಕೆ ಏನಿತ್ತು? ನೇರ ಹೋಗಿ ಮಗಳ ತಲೆದೆಸೆಯಲ್ಲಿ ಕೂತ್ಲು. ನಾನು ಹಿಂದೆ ಕೂತೆ. ಈಗ ಈ ಮನೆ ಮಾನ ಹರಾಜಾಗುತ್ತೆ ಅಂದ್ಕೊಂಡೆ. ಅವಳು ಹಾಡಿದ್ದು ಇದು:

ನಾಲೆಯ ನೀರವ್ವ ನನಮಗಳ ಕರೆದಾಳೆ
ಸಾಲುಹೂವಿನಂಥ ಮನೆಯ ಬಿಟ್ಟು — ನನಕಂದ
ತೋಳ ಬಿಡಿಸ್ಕೊಂಡು ಹೋದ್ಯಲ್ಲ

ಗಂಗೆ ಕರೆದರೆ ನಿಲ್ಲೋರು ಯಾರು, ತಾಯಿಗಿಂತ ಹೆಚ್ಚಾದ ಅತ್ತೆ ಕಣ್ಣೀರಿಗೂ ನೀನು ನಿಲ್ಲಲಿಲ್ಲವಲ್ಲ ಅಂತ ಒಂದು ಗಂಟೆ ಹಾಡಿದ್ಲು. ನಾನು ಸೊಲ್ಲು ಕೊಟ್ಟೆ. ಕೊಡದೆ ಸುಮ್ಮನಿರಬಹುದಿತ್ತು. ಕೊಟ್ಟೆ. ಗಂಡಸರು ಕಣ್ಣು ಒರೆಸ್ಕೊಂಡ್ರು. ಹೆತ್ತ ತಾಯಿಯೇ ಹಿಂಗೆ ಹಾಡಿದ ಮೇಲೆ ಇನ್ನು ಕೇಳೋಕೆ ಏನಿದೆ ಅಂತ ಊರೋರು ಎದ್ದರು. ಊಟದ ಹೊತ್ತಿಗೆ ತೋಟದ ಮೂಲೇಲಿ ಮಣ್ಣಾಯ್ತು. ಬಸವಕ್ಕ ಬದುಕಲ್ಲಿ ಹಾಡಿದ ಅತಿ ಚೆಂದದ ಪದ ಅದು, ಥೂ, ಹೇಳೋಕೆ ನನ್ನ ನಾಲಿಗೆ ಸುಡುತ್ತೆ, ಆದ್ರೆ ಚೆಂದ ಇತ್ತು.

ಅದನ್ನ ಶಶಿಕುಮಾರನ ಗೆಳೆಯ ಯಾರೋ ಮೊಬೈಲಲ್ಲಿ ಹಿಡ್ಕೊಂಡಿದ್ದ. ಅಲ್ಲಿಂದ ಅದು ಎಲ್ಲರ ಮೊಬೈಲಿಗೂ ಹೋಯ್ತು. ಪಿರಿಯಾಪಟ್ಟಣದ ಬಸ್ ಸ್ಟ್ಯಾಂಡಲ್ಲಿ ಗುರುತಿಲ್ಲದ ಹೆಂಗಸೊಬ್ಬಳು ಕೇಳ್ತಾ ಕಣ್ಣೀರು ಹಾಕ್ತಿದ್ದನ್ನ ನಾನೇ ನೋಡಿದೆ. ಬಸವಕ್ಕ ಪಕ್ಕದಲ್ಲೇ ಇದ್ಲು, ಬಸ್ಸು ಬರೋ ತನಕ ಕಾಯದೆ ಆಚೆ ಹೋಗಿ ರಸ್ತೇಲಿ ನಿಂತಳು. ಆ ಮನೇಲಂತೂ ವರ್ಷಾ ವರ್ಷ ಸೌಂದರ್ಯಂಗೆ ಎಡೆ ಇಡೋ ದಿನ ಅದನ್ನ ಜೋರಾಗಿ ಹಾಕಿ ಬಂದೋರಿಗೆಲ್ಲ ಕೇಳಿಸ್ತಿದ್ರಂತೆ. ನೋಡಿ, ಹೆತ್ತೋಳೇ ಹೇಳಿದ್ದಾಳೆ ಅಂತ ಜವರಮ್ಮ ಅನ್ನೋಳಂತೆ. ಬಸವಕ್ಕನ ಪದಕ್ಕೆ ಅಷ್ಟು ಬೆಲೆ.

ಕೊಟ್ಟ ಮಾತು ಉಳಿಸ್ಕೊಂಡ್ರು, ಅದನ್ನ ಇಲ್ಲ ಅನ್ನಲ್ಲ. ದಸರೆಗೊಂದ್ಸಲ, ಬೇಸಿಗೆಗೊಂದ್ಸಲ ಹರ್ಷಿತಾ ಬರೋಳು. ತುಂಬಾ ಮಾತಿಲ್ಲದ ಮಗು. ಊರಜ್ಜಿ ತಲೆ ಬಾಚಿದ್ರೆ ಬಾಚಿಸ್ಕೊಳ್ಳೋಳು, ಉಣ್ಣು ಅಂದ್ರೆ ಉಣ್ಣೋಳು, ಅವರಮ್ಮನ ಸುದ್ದಿ ತೆಗೆದ್ರೆ ಎದ್ದು ಹೋಗೋಳು. ಎಂಟನೇ ಕ್ಲಾಸಿಂದ ಆಚೆಗೆ ನಮ್ಮ ಅಂಗನವಾಡಿಗೆ ಬಂದು ಕೂತು ಏನೇನೋ ಬರೆಯೋಳು, ಬರೆದು ಹರಿದು ಹಾಕೋಳು. ನಾನು ಕೇಳಿದ್ರೆ ಏನಿಲ್ಲ ಅನ್ನೋಳು. ಬಸವಕ್ಕಂಗೆ ಆ ಎರಡು ರಜಾ ಬಿಟ್ರೆ ವರ್ಷದಲ್ಲಿ ಬೇರೆ ದಿನಾನೇ ಇರ್ಲಿಲ್ಲ. ಮಗಳನ್ನಂತೂ ಕಳ್ಕೊಂಡೆ, ಈ ಕೂಸನ್ನ ಉಳಿಸ್ಕೊಂಡೆನಲ್ಲ, ಅಷ್ಟು ಸಾಕು ಕಣೇ ಸುನಂದ ಅಂತ ನನ್ನ ಹತ್ರ ಹೇಳೋಳು. ನಾನು ಹೂಂ ಅಂತಿದ್ದೆ. ಅವಳು ಬೇರೆ ಸಾವಿಗೆ ಹೋಗೋದನ್ನ ಕಮ್ಮಿ ಮಾಡಿದ್ಲು. ಹೋದ್ರೂ ಎರಡು ಪದ ಹಾಡಿ ಏಳೋಳು. ಹಿತ್ತಲಿಗೆ ಹೋಗೋದನ್ನ ಬಿಟ್ಟೇಬಿಟ್ಟಳು.

ಹೋದ ವರ್ಷ ಮಾರ್ಗಶಿರದಲ್ಲಿ ಜವರಮ್ಮ ಸತ್ತಳು. ಲಕ್ವ ಹೊಡೆದು ಮೂರು ತಿಂಗಳು ಬಿದ್ದಿದ್ದಳಂತೆ. ಬೀಗಿತಿ ಸಾವಿಗೆ ಹೋಗದೆ ಇರಂಗಿಲ್ಲ. ನಾನು ಹೋಗಬೇಡ ಅಂದೆ, ಹುಷಾರಿಲ್ಲ ಅಂತ ಹೇಳಿ ಕಳಿಸೋಣ ಅಂದೆ. ಹರ್ಷಿತಾ ಅಲ್ಲೇ ಇರಬೇಕಲ್ಲ ಇನ್ನೂ, ಓಗ್ಲೇಬೇಕು ಅಂದ್ಲು. ಎರಡು ಪದ ಹಾಡಿ ಎದ್ದು ಬಂದ್ಬುಡ್ತೀನಿ ಅಂದ್ಲು. ಎರಡು ಬಸ್ಸು ಬದಲಾಯಿಸಿ ಹೋದ್ವಿ.

ಹೆಣನ ಅಂಗಳದಲ್ಲಿ ಬೆಂಚಿನ ಮೇಲೆ ಮಲಗಿಸಿದ್ರು, ದೊಡ್ಡ ಹಾರ, ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ. ಊರೇ ನೆರೆದಿತ್ತು. ಬಸವಮ್ಮ ಬಂದಳು ಅಂತ ಗುಸುಗುಸು ಎದ್ದು ನಾಲ್ಕಾರು ಜನ ಮೊಬೈಲು ಎತ್ತಿ ಹಿಡ್ಕೊಂಡ್ರು. ಆ ಹಾಡು ಕೇಳಿದೋರೇ ಎಲ್ಲ, ಈಗ ಇನ್ನೊಂದು ಸಿಗುತ್ತೆ ಅಂತ. ಹರ್ಷಿತಾ ಮನೆ ಹೆಂಗಸರ ನಡುವೆ ನಿಂತಿದ್ಲು. ಹದಿನಾರು ತುಂಬಿದೆ, ಅಮ್ಮನದೇ ಎತ್ತರ. ಅಜ್ಜಿ ಸತ್ತಿದ್ದಕ್ಕೆ ಅವಳ ಕಣ್ಣಲ್ಲಿ ಒಂದು ಹನಿ ಇರ್ಲಿಲ್ಲ.

ಬಸವಕ್ಕ ಕೂತು, ಲೋಕಕ್ಕೊಪ್ಪೋ ಹಂಗೆ ಎರಡು ಪದ ಹಾಡಿ, ಮಂಡಿ ಮೇಲೆ ಕೈ ಊರಿ ಏಳೋಕೆ ಹೋದ್ಲು. ಆಗ ಆ ನಂಜಣ್ಣ, ಈಗ ಅವನಿಗೂ ಎಪ್ಪತ್ತು, ಎಲ್ಲರಿಗೂ ಕೇಳೋ ಹಂಗೆ ಅಂದ: "ಅಷ್ಟಕ್ಕೇ ಏಳಬ್ಯಾಡಕ್ಕೋ. ನಮ್ಮಕ್ಕ ನಿಮ್ಮ ಮಗಳನ್ನ ಎಂಗೆ ನೋಡ್ಕಂಡ್ಳು ಅಂತ ಎತ್ತಿ ಹಾಡಿ. ಈ ಊರು ಇನ್ನೊಂದ್ಸಲ ಕೇಳ್ಲಿ."

ನೋಡಿ, ಅವನ ತಲೆ ಎಲ್ಲಿ ಹೋಗಿತ್ತೋ. ಹತ್ತು ವರ್ಷ ಆ ಹಾಡು ಕೇಳೀ ಕೇಳೀ ಅವನಿಗೇ ಅದು ನಿಜ ಅನ್ನಿಸ್ಬಿಟ್ಟಿತ್ತು ಅಂತ ಕಾಣುತ್ತೆ. ಬಸವಕ್ಕ ಊರಿದ ಕೈ ತೆಗೆದು ಮತ್ತೆ ಚಕ್ಕಂಬಕ್ಕಳ ಹಾಕಿ ಕೂತ್ಲು. ಸ್ವಲ್ಪ ಹೊತ್ತು ಜವರಮ್ಮನ ಮುಖ ನೋಡಿದ್ಲು. ಆಮೇಲೆ ಹರ್ಷಿತಾ ಕಡೆ ನೋಡಿದ್ಲು. ನನಗೆ ಗೊತ್ತಾಯ್ತು, ಇವಳು ಈಗ ಆ ಕೂಸನ್ನ ಕಳ್ಕೊಳ್ಳೋಕೆ ತಯಾರಾದ್ಲು ಅಂತ.

ಅತ್ತೆ ಸಾಕಿದ ಪರಿಯ ಎತ್ತಿ ಹಾಡಂದೀರಿ
ಕತ್ತಿನ ಹಿಂದೆ ನಾಕ್ಬೆರಳು — ಮೂಡಿದ್ದ
ಹತ್ತು ವರುಷಾನ ನುಂಗಿವ್ನಿ

ಸೊಲ್ಲು ಕೊಡಬೇಕಾದೋಳು ನಾನು. ಅವತ್ತು ಸುಳ್ಳಿಗೆ ಒಂದು ಗಂಟೆ ಕೊಟ್ಟೋಳು ಈಗ ತಡ ಮಾಡಿದೆ. ಬಸವಕ್ಕ ಹಿಂದಕ್ಕೆ ತಿರುಗಿ ನೋಡ್ಲಿಲ್ಲ, ಕಾದಳು. ನಾನು "ಹತ್ತು ವರುಷಾನ ನುಂಗಿವ್ನಿ" ಅಂತ ಎತ್ಕೊಂಡೆ. ಒಬ್ಬಳೇ.

ಕಾಲಲ್ಲಿ ಕೆಸರಿಲ್ಲ, ನಾಲೆಯ ಪಾಚಿಲ್ಲ
ಕೂಲಿಗೆ ಬಂದಂಗೆ ನಾ ಹಾಡ್ದೆ — ನನಮಗಳೆ
ಸೋಲಿಸಿದೋಳು ನಿನ್ನ ಹಡೆದೋಳು

ಈ ಸಲ ನನ್ನ ದನಿ ಜೊತೆ ಇನ್ನೊಂದು ದನಿ ಸೇರ್ತು. ಅವತ್ತು ಹೆಣಕ್ಕೆ ನೀರು ಕೊಟ್ಟು ಮುಖ ತಿರುಗಿಸ್ಕೊಂಡಿದ್ದ ಹೆಂಗಸು. ಆಮೇಲೆ ಆ ಬೀದಿಯ ಸೊಸೆಯರು ಒಬ್ಬೊಬ್ಬರೇ ಸೇರಿದ್ರು. ತಲೆ ಮೇಲೆ ಸೆರಗೆಳ್ಕೊಂಡು, ಗಂಡಂದಿರ ಕಡೆ ನೋಡದೆ, ನೆಲ ನೋಡ್ತಾ ಸೊಲ್ಲು ಕೊಟ್ಟರು. ತೆಗೆಸಿದ ಎರಡು ಬಸಿರನ್ನೂ ಬಸವಕ್ಕ ಹಾಡಿದ್ಲು. ಕೊಟ್ಟಿಗೆ ಹತ್ರ ಆಡಿದ ಮಾತನ್ನೂ ಹಾಡಿದ್ಲು, ಆಡಿದೋನ ಹೆಸರು ಇಟ್ಟೇ ಹಾಡಿದ್ಲು. ನಂಜಣ್ಣ ಕೂತಲ್ಲಿಂದ ಎದ್ದ. ಶಶಿಕುಮಾರ್ ತಮಟೆಯೋರ ಹತ್ರ ಹೋಗಿ ಜೋರಾಗಿ ಬಡೀರಿ ಅಂದ. ಅವರಲ್ಲಿ ಹಿರಿಯ ಅಳೋದು ಮುಗೀಲಿ ಅಂತ ತಮಟೇನ ನೆಲಕ್ಕಿಟ್ಟ. ಮೊಬೈಲು ಹಿಡ್ಕೊಂಡಿದ್ದೋರು ಹಿಡ್ಕೊಂಡೇ ಇದ್ರು.

ನಂಜಣ್ಣ ಕಟ್ಟುಪಾಡನ್ನೂ ಲೆಕ್ಕಿಸದೆ ಬಸವಕ್ಕನ ರಟ್ಟೆಗೆ ಕೈ ಹಾಕೋಕೆ ಬಂದ. ನಾನು ಅಡ್ಡ ನಿಂತೆ. ಅಷ್ಟರಲ್ಲಿ ಹರ್ಷಿತಾ ಹೆಂಗಸರ ನಡುವಿಂದ ಆಚೆ ಬಂದ್ಲು. ಊರಜ್ಜಿ ಕತ್ತು ತಬ್ಬಿ ಅಳ್ತಾಳೆ ಅಂತ ಅಂದ್ಕೊಂಡೆ, ಇಲ್ಲಾ ಉಗೀತಾಳೆ ಅಂದ್ಕೊಂಡೆ. ಅವಳು ಎರಡೂ ಮಾಡ್ಲಿಲ್ಲ. ನಂಜಣ್ಣನ ಮುಖಾನೂ ನೋಡದೆ ಹೆಣದ ಪಕ್ಕ ನಿಂತು ಹೇಳಿದ್ಲು.

"ಏಳು ಊರಜ್ಜಿ. ಸ್ಟೇಷನ್ನಿಗೆ ಹೋಗೋಣ. ನಾನು ನೋಡಿದ್ದೀನಿ."

ಅವರಪ್ಪ ಬಾಯಿಬಿಟ್ಟು ಏನೋ ಅನ್ನೋಕೆ ಬಂದ. ಮಗಳು ತಿರುಗಿ ಅವನನ್ನ ನೋಡಿದ್ಲು, ಅಷ್ಟೇ. ಅವನು ಅಲ್ಲೇ ಕುರ್ಚಿ ಮೇಲೆ ಕುಸಿದು ಕೂತ. ಊರೋರು ಯಾರೂ ನಮ್ಮನ್ನ ತಡೀಲಿಲ್ಲ, ಯಾರೂ ಜೊತೆಗೂ ಬರ್ಲಿಲ್ಲ. ಉಟ್ಟ ಬಟ್ಟೇಲೇ ಹುಡುಗಿ ಹೊರಟು ಬಂತು.

ಬಸ್ಸಲ್ಲಿ ಬಸವಕ್ಕ ಕಿಟಕಿ ಪಕ್ಕ ಜಾಗ ಬಿಟ್ಟು ಕೂತು ಮೊಮ್ಮಗಳನ್ನ ಕರೆದ್ಲು. ಹರ್ಷಿತಾ ನಾಲ್ಕು ಸೀಟು ಮುಂದೆ ಹೋಗಿ ಒಬ್ಬಳೇ ಕೂತ್ಲು. ಹೆದರಿದ್ದಾಳೆ ಬುಡು ಅಂತ ನಾನು ಬಸವಕ್ಕಂಗೆ ಸಮಾಧಾನ ಹೇಳಿದೆ. ನನ್ನ ಕೂಸು ನನ್ನ ಕೈ ಬಿಡ್ಲಿಲ್ಲ ಕಣೇ, ನನ್ನ ಜೊತೆಗೇ ಬಂತು ಕಣೇ ಅಂತ ಅವಳು ಸೆರಗಲ್ಲಿ ಕಣ್ಣು ಒರೆಸ್ಕೊಂಡ್ಲು. ಎಷ್ಟೋ ವರ್ಷದ ಮೇಲೆ ಆ ಮುಖದಲ್ಲಿ ನಾನು ಕಳೆ ನೋಡಿದೆ.

ಸ್ಟೇಷನ್ನಲ್ಲಿ ಒಂದು ಗಂಟೆ ಕಾಯಿಸಿದ್ರು. ಆಮೇಲೆ ಒಬ್ಬ ಅಧಿಕಾರಿ ಕರೆದು ಕೂರಿಸಿದ. ಕೆಟ್ಟೋನಲ್ಲ, ಆದ್ರೆ ಊಟದ ಹೊತ್ತು, ಹತ್ತು ವರ್ಷದ ಹಳೇ ಸಾವು, ಮುಖದಲ್ಲೇ ಬೇಜಾರು ಕಾಣ್ತಿತ್ತು. ಹರ್ಷಿತಾ ಬಿಳಿ ಹಾಳೆ ಕೇಳಿ ತಗೊಂಡು ತಾನೇ ಬರೆದ್ಲು. ಒಂದು ಕಡೆಗೂ ಪೆನ್ನು ನಿಲ್ಲಿಸ್ಲಿಲ್ಲ, ಒಂದು ಅಕ್ಷರ ಹೊಡೆದು ಹಾಕ್ಲಿಲ್ಲ. ನಮ್ಮ ಅಂಗನವಾಡೀಲಿ ಕೂತು ಅಷ್ಟು ವರ್ಷ ಬರೆದು ಹರಿದಿದ್ದು ಇದನ್ನೇ ಅಂತ ನನಗೆ ಆಗ ಹೊಳೀತು. ಮೂರು ಪುಟ. ಹಿತ್ತಲಲ್ಲಿ ದನದ ಕಲಗಚ್ಚಿನ ಬಾನಿ, ಅದರೊಳಗೆ ಅಮ್ಮನ ಮುಖ, ಕತ್ತು ಹಿಡಿದಿದ್ದು ಅಜ್ಜಿ, ಕೈ ಎರಡನ್ನೂ ಬೆನ್ನ ಹಿಂದೆ ಹಿಡಿದಿದ್ದು ಅಪ್ಪ. ಆಮೇಲೆ ಅಮ್ಮನ್ನ ಗೋಣಿತಾಟು ಹಾಸಿ ಮಲಗಿಸಿದ್ದು, ನಾಲೆ ಕಡೆಗೆ ಗಾಡಿ ಕಟ್ಟಿದ್ದು. ಅಧಿಕಾರಿ ಓದಿದ. ಎರಡನೇ ಸಲ ಓದುವಾಗ ಬೇಜಾರು ಹೋಗಿ ನೆಟ್ಟಗೆ ಕೂತಿದ್ದ.

ಬಸವಕ್ಕಂಗೆ ಓದೋಕೆ ಬರಲ್ಲ. ಏನು ಬರೆದವಳೆ ಅಂತ ನನ್ನ ಕೇಳಿದ್ಲು. ನಾನು ಕಿವೀಲಿ ಹೇಳಿದೆ. ಅವಳು ಕೂತಲ್ಲೇ ಮುಂದಕ್ಕೆ ಬಾಗಿ ಹೊಟ್ಟೆ ಹಿಡ್ಕೊಂಡ್ಲು. ಬೆರಳ ಗುರುತು ನೋಡಿದ್ಲು ನಿಜ, ಆದ್ರೆ ಬಾನಿಯ ವಿಷಯ, ಅಳಿಯನ ಕೈ ವಿಷಯ ಅವಳಿಗೆ ಅವತ್ತಿನ ತನಕ ಗೊತ್ತಿರ್ಲಿಲ್ಲ.

ಅಧಿಕಾರಿ ಹಾಳೆ ಕೆಳಗಿಟ್ಟು ಹುಡುಗೀನ ಕೇಳಿದ. ಕೋರ್ಟಲ್ಲೂ ಇದನ್ನೇ ಕೇಳ್ತಾರಮ್ಮ, ಅದಕ್ಕೆ ಕೇಳ್ತೀನಿ ಅಂದ. ಕಣ್ಣಾರೆ ನೋಡಿದ್ದೀಯ, ಯಾರೂ ನಿನ್ನ ಬಾಯಿ ಕಟ್ಟಿರ್ಲಿಲ್ಲ, ವರ್ಷಕ್ಕೆರಡು ಸಲ ಈ ಅಜ್ಜಿ ಮನೆಗೆ ಹೋಗ್ತಿದ್ದೆ. ಹತ್ತು ವರ್ಷ ಯಾಕೆ ಹೇಳ್ಲಿಲ್ಲ?

ಹರ್ಷಿತಾ ಮೇಜಿನ ಅಂಚು ನೋಡಿದ್ಲು. ಬಸವಕ್ಕ ಅವಳ ಕೈ ಹಿಡ್ಕೊಳ್ಳೋಕೆ ಕೈ ಚಾಚಿದ್ಲು. ಹುಡುಗಿ ಕೈ ಎಳ್ಕೊಂಡ್ಲು. ಸಿಟ್ಟಲ್ಲಿ ಅಲ್ಲ, ಮೆತ್ತಗೆ.

"ಹೇಳೋಣ ಅಂತಲೇ ಇದ್ದೆ ಸಾರ್. ಊರಜ್ಜಿ ಬರ್ಲಿ, ಬಂದ ತಕ್ಷಣ ಹೇಳ್ತೀನಿ ಅಂತ ಕಂಬದ ಹತ್ರ ನಿಂತಿದ್ದೆ. ಅವರು ಬಂದು ಹಾಡಿದ್ರು. ಅಮ್ಮ ನಾಲೆಗೆ ಬಿದ್ದಳು ಅಂತ ಹಾಡಿದ್ರು. ಊರಜ್ಜಿ ಸತ್ತೋರ ಮುಂದೆ ಸುಳ್ಳು ಹಾಡಲ್ಲ ಅಂತ ಅಮ್ಮ ಯಾವಾಗ್ಲೂ ಹೇಳ್ತಿದ್ದಳು. ಅದಕ್ಕೆ ನಾನು ನೋಡಿದ್ದೇ ಸುಳ್ಳು ಅಂದ್ಕೊಂಡೆ. ಇವತ್ತು ಬೆಳಿಗ್ಗೆ ತನಕ ಹಂಗೇ ಅಂದ್ಕೊಂಡಿದ್ದೆ. ನನಗೇ ತಲೆ ಸರಿಯಿಲ್ಲ ಅಂತ."

ಅಧಿಕಾರಿ ಪೆನ್ನು ಹಿಡ್ಕೊಂಡು ಬಸವಕ್ಕನ ಮುಖ ನೋಡಿದ, ಬರೆಯೋದೋ ಬೇಡವೋ ಅಂತ. ನಾನೂ ನೋಡ್ದೆ. ಬಸ್ಸಲ್ಲಿ ಬಂದಿದ್ದ ಕಳೆ ಪೂರ್ತಿ ಹೋಗಿತ್ತು. ಅವಳು ಚಾಚಿದ ಕೈನ ಹಿಂದಕ್ಕೆ ತಗೊಂಡು ಮಡಿಲಲ್ಲಿ ಇಟ್ಕೊಂಡ್ಲು.

"ಬರ್ಕಳಿ ಸ್ವಾಮಿ," ಅಂದ್ಲು. "ಅದ್ನೂ ಬರ್ಕಳಿ. ಅದ್ರ ಕೆಳಗೆ ನನ್ನ ಎಬ್ಬೆಟ್ಟು ಒತ್ತುಸ್ಕಳಿ."